ಒಂಬತ್ತನೆಯವನು

ತಾನೆಸೆದ ಚೆಂಡಿಗೆ ಮೊದಲ ಹೋಂ ರನ್ ಹೋದಾಗ ಕುಶಲನಿಗೆ ಸಮಾಧಾನವೇ ಆಯಿತು. ಹೇಗೂ ಹೋಗಬೇಕಾದದ್ದು, ಬೇಗ ಹೋಯಿತು. ಚೆಂಡು ಅವನ ತಲೆಯ ಮೇಲಿನಿಂದ ಹಾದು, ಮೈದಾನದ ಕೊನೆಗೆ ಗಡಿಯೆಂದು ಸಾಲಾಗಿ ನಿಲ್ಲಿಸಿದ್ದ ಬಿಳಿ ಬಣ್ಣದ ಎಣ್ಣೆ ಡ್ರಮ್ಮುಗಳನ್ನು ದಾಟಿ, ಆಚೆಯ ಉಪ್ಪುನೆಲದಲ್ಲಿ ಬಿದ್ದು ಕಾಣದಾಯಿತು. ಹೊಡೆದವನು ಕೊಲ್ಲಿಯ ಆ ದ್ವೀಪದ ಮುಹರ್ರಕ್ಕಿನ ವಿಮಾನ ನಿಲ್ದಾಣದಲ್ಲಿ ಸರಕು ಇಳಿಸುವ ಒಬ್ಬ ಫಿಲಿಪಿನೊ. ಬ್ಯಾಟು ಎಸೆದು, ಮೂರು ಮೂಲೆಗಳ ಬೇಸುಗಳನ್ನೂ ಒಂದೊಂದಾಗಿ ಮೆಟ್ಟಿ, ಯಾವ ಅವಸರವೂ ಇಲ್ಲದೆ ಸುತ್ತು ಬಂದು ಹೊರಟ ಜಾಗಕ್ಕೇ ಸೇರಿದ. ಅವರ ಬಸ್ಸಿನ ನೆರಳಲ್ಲಿ ಕೂತವರು ಬಸ್ಸಿನ ತಗಡನ್ನೇ ಬಡಿದು ಸಂತೋಷಪಟ್ಟರು. ಆದರೆ ರನ್ ಒಂದೇ. ಬೇಸುಗಳ ಮೇಲೆ ಮೊದಲೇ ಯಾರಾದರೂ ನಿಂತಿದ್ದರೆ ಅವರೂ ಓಡಿಬಂದು ಎರಡೋ ಮೂರೋ ಆಗುತ್ತಿತ್ತು. ಕುಶಲ ಯಾರನ್ನೂ ನಿಲ್ಲಗೊಟ್ಟಿರಲಿಲ್ಲ. ಅಷ್ಟು ದೂರದಲ್ಲಿ, ಡ್ರಮ್ಮುಗಳ ಆಚೆ, ಚೆಂಡು ಹುಡುಕಿಕೊಂಡು ಹೋಗುತ್ತಿದ್ದ ದಾಸಪ್ಪನ ಬೆನ್ನು ಕಾಣುತ್ತಿತ್ತು. ಕಂಪನಿಯ ದಪ್ಪ ಬೂಟು ಹಾಕಿಕೊಂಡೇ ಆಡುವ ಮನುಷ್ಯ, ಮೇಲಿನ ಉಪ್ಪಿನ ಪದರ ಒಡೆದು ಹೆಜ್ಜೆ ಹೆಜ್ಜೆಗೂ ಹೂತ ಕಾಲನ್ನು ಎತ್ತೆತ್ತಿ ಇಡುತ್ತಿದ್ದ. ಕುಶಲ ಪ್ಯಾಂಟಿನ ಹಿಂದಿನ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಕಾಗದ ಅಲ್ಲೇ ಇತ್ತು.

ಚೆಂಡೆಸೆಯುವ ಪಿಚರ್ ಆಗಿ ಅವನು ಒಳ್ಳೆಯವನಲ್ಲ, ಅದು ಅವನಿಗೂ ಗೊತ್ತು. ವೇಗವಿಲ್ಲ, ಚೆಂಡು ಗಾಳಿಯಲ್ಲಿ ಬಾಗುವುದಿಲ್ಲ, ಕಾಪುವಿನ ಶಾಲೆಯ ಅಂಗಳದಲ್ಲಿ ಕ್ರಿಕೆಟ್ ಆಡುವಾಗಲೂ ಅವನ ಬೌಲಿಂಗಿಗೆ ಹುಡುಗರು ಸಾಲುಗಟ್ಟಿ ನಿಲ್ಲುತ್ತಿದ್ದರು. ಆದರೆ ಎಸೆದದ್ದು ನೇರ ಹೋಗುತ್ತದೆ, ಪ್ರತಿ ಸಲವೂ, ನಡುವಿಗೆ ಸರಿಯಾಗಿ. ಈ ಬೇಸ್‌ಬಾಲ್ ಆಟದಲ್ಲಿ ಪಿಚರ್ ನಾಲ್ಕು ಸಲ ಅಳತೆ ತಪ್ಪಿ ಎಸೆದರೆ ಬ್ಯಾಟು ಹಿಡಿದವನು ಏನೂ ಮಾಡದೆ, ಬೆವರು ಕೂಡ ಹರಿಸದೆ, ಮೊದಲ ಬೇಸಿಗೆ ನಡೆದುಕೊಂಡು ಹೋಗಬಹುದು. ಜೋರಾಗಿ ಎಸೆಯುವ ಶೂರರೆಲ್ಲ ಹೀಗೆ ಇಬ್ಬರನ್ನು ಪುಕ್ಕಟೆ ನಡೆಸಿ, ಮೂರನೆಯವನಿಂದ ಹೊಡೆಸಿಕೊಂಡು ಒಂದೇಟಿಗೆ ಮೂರು ರನ್ ಕಳೆಯುತ್ತಾರೆ. ಕುಶಲ ಹನ್ನೊಂದು ಪಂದ್ಯಗಳಲ್ಲಿ ಇಪ್ಪತ್ತೆಂಟು ಹೋಂ ರನ್ ಹೊಡೆಸಿಕೊಂಡಿದ್ದ. ಆ ನಾಲ್ಕು ತಂಡಗಳ ಶುಕ್ರವಾರದ ಲೀಗಿನಲ್ಲಿ ಇಷ್ಟು ಹೊಡೆಸಿಕೊಂಡವನು ಇನ್ನೊಬ್ಬನಿಲ್ಲ. ಒಬ್ಬನನ್ನೂ ಪುಕ್ಕಟೆ ನಡೆಸಿರಲಿಲ್ಲ. ಹನ್ನೊಂದರಲ್ಲಿ ಸೋತದ್ದು ಎರಡು. ಹೋದ ಚಳಿಗಾಲದಲ್ಲಿ, ಕಂಪನಿಯ ಅಮೆರಿಕನ್ ಮೇಲಧಿಕಾರಿ, ತಂಡವನ್ನೂ ನೋಡಿಕೊಳ್ಳುವ ಹರ್ಬರ್ಟ್ ಸಾಹೇಬರು ತಮ್ಮ ಪಿಕಪ್ಪಿನ ಹಿಂಬಾಗಿಲು ತೆರೆದು ಎಲ್ಲರಿಗೂ ಮಾಂಸ ಸುಟ್ಟು ಕೊಡುತ್ತ, ಅವನ ಹೆಗಲ ಮೇಲೆ ಕೈ ಹಾಕಿ ಹೇಳಿದ್ದರು: "ಇವನನ್ನು ನೋಡಿ. ಹೊಡೆಸಿಕೊಳ್ಳುತ್ತಾನೆ, ಆದರೆ ಯಾರಿಗೂ ಏನನ್ನೂ ಪುಕ್ಕಟೆ ಕೊಡುವುದಿಲ್ಲ." ಎಲ್ಲರೂ ನಕ್ಕರು. ಕುಶಲ ತಟ್ಟೆ ನೋಡಿಕೊಂಡು ನಕ್ಕ. ತನ್ನ ಬಗ್ಗೆ ಇಷ್ಟು ಸರಿಯಾದ ಮಾತನ್ನು ಅದುವರೆಗೆ ಯಾರೂ ಹೇಳಿರಲಿಲ್ಲ ಎಂದು ಅವನಿಗೆ ಅನಿಸಿತ್ತು. ಆಮೇಲೆ ಅದನ್ನು ಆಟಕ್ಕೆ ಮಾತ್ರ ಇಟ್ಟುಕೊಳ್ಳಲಿಲ್ಲ. ಸಿಬ್ಬಂದಿ ವಿಭಾಗದ ಮೇಜಿನ ಹಿಂದೆ ಕೂತು ರಜೆ ಕೇಳಲು ಬಂದವರ ಮುಖ ನೋಡುವಾಗಲೆಲ್ಲ ಆ ಮಾತು ನಾಲಿಗೆಯ ಕೆಳಗೆ ಕಲ್ಲುಸಕ್ಕರೆಯಂತೆ ಕರಗುತ್ತಿತ್ತು.

ಕಜೆಟನ್ ಚೆಂಡನ್ನು ಹಿಂದಕ್ಕೆ ಎಸೆದ. ಬ್ಯಾಟಿನವನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವ ಕಜೆಟನ್, ಮಂಗಳೂರು ಕಡೆಯವನು, ಕೆಲಸಗಾರರೆಲ್ಲ ಇರುವ ಸಿತ್ರಾದ ಕ್ಯಾಂಪಿನಲ್ಲಿ ಟೆಲಿಫೋನು ನೋಡಿಕೊಳ್ಳುವವನು. ಮುಖಕ್ಕೆ ಕಬ್ಬಿಣದ ಜಾಲರಿ ಹಾಕಿಕೊಂಡಿದ್ದರಿಂದ ಕಣ್ಣು ಮಾತ್ರ ಕಾಣುತ್ತಿತ್ತು. ಅವನು ಯಾವಾಗಲೂ ಮೆಲ್ಲಗೆ, ತಮಾಷೆಯ ಒಂದು ಮಾತಿನ ಜೊತೆ ಎಸೆಯುವವನು. ಇವತ್ತು ಮಾತಿಲ್ಲ, ಚೆಂಡು ಮಾತ್ರ ಅಂಗೈ ಉರಿಯುವಷ್ಟು ಜೋರಾಗಿ ಬರುತ್ತಿತ್ತು. ಇವನಿಗೇನಾಗಿದೆ ಎಂದು ಕುಶಲ ಅಂದುಕೊಂಡ. ಕಾಗದದ ವಿಷಯ ಇವನಿಗೆ ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದರೂ ಏನು. ತಾನು ಸಹಿ ಹಾಕುವುದಿಲ್ಲ ಎಂದು ಹೇಳಿಲ್ಲವಲ್ಲ.

ಬುಧವಾರ ಮಧ್ಯಾಹ್ನ ದಾಸಪ್ಪ ಆಫೀಸಿನ ಬಾಗಿಲಲ್ಲಿ ಬೂಟು ಕಳಚಿಟ್ಟು ಒಳಗೆ ಬಂದಿದ್ದ. ಕಳಚಬೇಕೆಂದು ಯಾರೂ ಹೇಳಿರಲಿಲ್ಲ. ಪೈಪು ಬೆಸುಗೆ ಮಾಡುವ ಷೆಡ್ಡಿನಿಂದ ಬಂದವರಲ್ಲಿ ಹಾಗೆ ಮಾಡುವವನು ಅವನೊಬ್ಬನೇ. ಹಾಸನದಿಂದ ಬಾಮೈದ ಕಳಿಸಿದ ಫ್ಯಾಕ್ಸು ಕೈಯಲ್ಲಿತ್ತು. ಹೆಂಡತಿ ಚೆನ್ನಮ್ಮ ಆಸ್ಪತ್ರೆಯಲ್ಲಿದ್ದಾಳೆ, ಕಿಡ್ನಿ ಎರಡೂ ನಿಂತಿವೆ, ಕೂಡಲೇ ಹೊರಟು ಬನ್ನಿ.

"ನಾಳೆ ರಾತ್ರಿ ಬಾಂಬೆ ಫ್ಲೈಟಲ್ಲಿ ಸೀಟಿದೆಯಂತೆ ಸಾರ್. ಫಾರಂ ತುಂಬ್ಸಿದೀನಿ. ಜಾಮೀನಿಗೆ ನಿಮ್ದೊಂದು ಸೈನ್ ಆಗ್ಬಿಟ್ರೆ ಸಾಹೇಬ್ರು ಹಾಕ್ತಾರೆ."

ಕರಾರು ಮುಗಿಯುವ ಮೊದಲೇ ಊರಿಗೆ ಹೋಗುವವನ ಪಾಸ್‌ಪೋರ್ಟ್ ಕಂಪನಿಯ ಕಬ್ಬಿಣದ ಪೆಟ್ಟಿಗೆಯಿಂದ ಹೊರಗೆ ಬರಬೇಕಾದರೆ, ಇವನು ತಿರುಗಿ ಬರುತ್ತಾನೆ ಎಂದು ಇನ್ನೊಬ್ಬ ನೌಕರ ಬರೆದುಕೊಡಬೇಕು. ಬರದಿದ್ದರೆ ಬರೆದುಕೊಟ್ಟವನ ಸ್ವಂತ ರಜೆ ನಿಲ್ಲುತ್ತದೆ, ಹೆಂಡತಿಯನ್ನು ಕರೆಸಿಕೊಳ್ಳುವ ವೀಸಾ ನಿಲ್ಲುತ್ತದೆ. ಕುಶಲನ ಹೆಂಡತಿ ಪಂಕಜಾಕ್ಷಿಯ ವೀಸಾದ ಕಾಗದ ಹರ್ಬರ್ಟ್ ಸಾಹೇಬರ ಮೇಜಿನ ಮೇಲೆ ಎರಡು ವಾರದಿಂದ ಇತ್ತು. ಬುಸೈತೀನಿನಲ್ಲಿ ಎರಡನೆಯ ಮಹಡಿಯ ಒಂದು ಫ್ಲಾಟು ನೋಡಿಯಾಗಿತ್ತು. ಅಡುಗೆಮನೆಯ ಕಿಟಕಿಗೆ ಎಂಥ ಪರದೆ ಬೇಕು ಎಂದು ಅವಳು ಪತ್ರ ಬರೆದು ಕೇಳಿದ್ದಳು. ಆದರೂ ನಿಜ ಹೇಳಬೇಕೆಂದರೆ ದಾಸಪ್ಪ ತಿರುಗಿ ಬರುವುದಿಲ್ಲ ಎಂಬ ಹೆದರಿಕೆ ಕುಶಲನಿಗೆ ಆಗಲೂ ಇರಲಿಲ್ಲ. ಹೆದರಿಕೆ ಇದ್ದಿದ್ದರೆ ಅದೊಂದು ಕಾರಣವಾದರೂ ಆಗುತ್ತಿತ್ತು. ಅವನು ನಿಯಮಗಳ ಪುಸ್ತಕ ತೆಗೆದ, ಬೆರಳು ಇಟ್ಟು ಓದಿದ. ಹೆಂಡತಿ ಮಕ್ಕಳ ಕಾಯಿಲೆಗೆ ಹದಿನೈದು ದಿನ. ಸಾವಾದರೆ ಮೂರು ದಿನ. ಏಳು ದಿನಕ್ಕಿಂತ ಕಡಿಮೆ ರಜೆಗೆ ಪಾಸ್‌ಪೋರ್ಟ್ ಕೊಡತಕ್ಕದ್ದಲ್ಲ. ಅಮೆರಿಕದ ಯಾವುದೋ ಕೋಣೆಯಲ್ಲಿ, ಹೆಂಡತಿ ಸತ್ತರೆ ಸ್ಮಶಾನ ಮನೆಯ ಹತ್ತಿರವೇ ಇರುತ್ತದೆ ಎಂದು ತಿಳಿದವರು ಬರೆದ ಪುಸ್ತಕ.

"ಹಂಗಾರೆ ಸತ್ತೋದ್ರೆ ಹೋಗಂಗೇ ಇಲ್ವಾ ಸಾರ್?" ದಾಸಪ್ಪ ಕೇಳಿದ್ದ.

"ಪುಸ್ತಕದಲ್ಲಿ ಹಾಗೆ ಉಂಟು. ನಾನು ಬರೆದದ್ದಲ್ಲ. ನಿಮ್ಮದು ಕಾಯಿಲೆ ಅಲ್ವಾ, ತೊಂದರೆ ಇಲ್ಲ. ಇಟ್ಟು ಹೋಗಿ, ನಾಳೆ ನೋಡುವಾ."

ಕೇಳದೆ ಇದ್ದದ್ದನ್ನು ಯಾಕೆ ಓದಿ ಹೇಳಿದೆ? ತನಗೆ ಪುಸ್ತಕ ಬಾಯಿಪಾಠ ಎಂದು ತೋರಿಸಿಕೊಳ್ಳುವ ಚಪಲ, ಮತ್ತೇನಿಲ್ಲ. ಇತ್ತ ಮೈದಾನದಲ್ಲಿ ಎರಡನೆಯ ಫಿಲಿಪಿನೊ ಹೊಡೆದದ್ದು ನೆಲದ ಮೇಲೆ ಉರುಳಿ ಬಂತು. ಮೊದಲ ಬೇಸಿನ ಟೆಕ್ಸಾಸಿನವನು ಸುಲಭವಾಗಿ ಹಿಡಿದು ಔಟು ಮಾಡಿದ. ಮೂರನೆಯವನು ಕುಶಲನ ಚೆಂಡನ್ನು ಮತ್ತೆ ಡ್ರಮ್ಮುಗಳಾಚೆ ಕಳಿಸಿದ. ಒಟ್ಟು ಎರಡು ರನ್. ದಾಸಪ್ಪ ಮತ್ತೆ ತಿರುಗಿ ನಡೆದ. ಚೆಂಡುಗಳು ಅಮೆರಿಕದಿಂದ ಬರಬೇಕು, ಇರುವುದು ಆರೇಳು. ಬಿದ್ದದ್ದನ್ನು ದೂರದ ಫೀಲ್ಡರು ಹುಡುಕಿ ತರುವವರೆಗೆ ಆಟ ನಿಲ್ಲುತ್ತದೆ ಎಂಬುದು ಈ ಮೈದಾನದ ಕಾನೂನು. ಹೊಡೆಸಿಕೊಂಡದ್ದು ಕುಶಲನ ಲೆಕ್ಕಕ್ಕೆ, ಓಡುವುದು ದಾಸಪ್ಪನ ಕಾಲಿಗೆ. ಇದನ್ನು ಹೋದ ವರ್ಷವೇ ಕಜೆಟನ್ ಹೇಳಿ ನಗಿಸಿದ್ದ. ದಾಸಪ್ಪನೂ ನಕ್ಕಿದ್ದ.

ಗುರುವಾರ ಬೆಳಿಗ್ಗೆ ಕುಶಲ ಬೆರಳು ಮಡಿಸಿ ಎಣಿಸಿದ್ದ. ತಂಡದಲ್ಲಿ ಇಬ್ಬರು ಅಮೆರಿಕದವರು ರಜೆಯಲ್ಲಿ, ಒಬ್ಬನ ಕಾಲಿಗೆ ಪ್ಲಾಸ್ಟರು. ದಾಸಪ್ಪ ಇದ್ದರೆ ಒಂಬತ್ತು, ಹೋದರೆ ಎಂಟು. ಎಂಟು ಜನ ಬಂದರೆ ಒಂದು ಚೆಂಡೂ ಎಸೆಯದೆ ಸೋತ ಹಾಗೆ. ಪಂದ್ಯ ನಿಂತರೆ ಸಾಹೇಬರ ಮುಖ ಹೇಗಾಗುತ್ತದೆ ಎಂದು ಅವನು ಕಲ್ಪಿಸಿಕೊಂಡ. ಆ ಮುಖದ ಮುಂದೆ ಪಂಕಜಾಕ್ಷಿಯ ಕಾಗದ ಇರುವುದನ್ನೂ ಕಲ್ಪಿಸಿಕೊಂಡ. ಸಾಹೇಬರು ಏನೂ ಹೇಳಿರಲಿಲ್ಲ, ಅವರಿಗೆ ದಾಸಪ್ಪನ ಫಾರಂ ಒಂದು ಇದೆ ಎಂಬುದೇ ತಿಳಿಯದು. ಶುಕ್ರವಾರ ರಾತ್ರಿಯೂ ವಿಮಾನ ಇದೆ, ಒಂದು ದಿನದ ಮಾತು, ಕಿಡ್ನಿಯ ಕಾಯಿಲೆ ಎಂದರೆ ವಾರಗಟ್ಟಲೆ ಎಳೆಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡು, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಸೇರಿಸಿದ. ಗುರುವಾರದ ಅರ್ಧ ದಿನದ ಕೆಲಸ ಮುಗಿದದ್ದೇ ಹಿಂಬಾಗಿಲಿನಿಂದ ಹೊರಟು ಬುಸೈತೀನಿಗೆ ಹೋಗಿ ಅಡುಗೆಮನೆಯ ಕಿಟಕಿಯ ಅಳತೆ ತೆಗೆದುಕೊಂಡ. ಮುಂಬಾಗಿಲಲ್ಲಿ ದಾಸಪ್ಪ ಒಂದು ಗಂಟೆ ಕಾದಿದ್ದನಂತೆ. ಸಂಜೆ ಕ್ಯಾಂಪಿನ ಊಟದ ಸಾಲಿನಲ್ಲಿ ಸಿಕ್ಕಾಗ ಕುಶಲನೇ ಮೊದಲು ಬಾಯಿ ತೆರೆದಿದ್ದ. "ಸಾಹೇಬರು ಸಿಗ್ಲಿಲ್ಲ. ನಾಳೆ ಮ್ಯಾಚ್ ಮುಗಿದ ಕೂಡ್ಲೇ ಗ್ರೌಂಡಲ್ಲೇ ಮಾಡಿಸುವಾ. ನೀವು ಬನ್ನಿ, ನೀವಿಲ್ಲದಿದ್ರೆ ಎಂಟೇ ಜನ ಆಗುದು." ದಾಸಪ್ಪ ತಟ್ಟೆ ಹಿಡಿದುಕೊಂಡೇ ಅವನನ್ನು ನೋಡಿದ. "ಬತ್ತೀನಿ ಸಾರ್," ಅಂದಿದ್ದ.

ಸಾರ್. ಆರು ವರ್ಷದ ಹಿಂದೆ ಹೀಗೆ ಕರೆಯುತ್ತಿರಲಿಲ್ಲ. ತೊಂಬತ್ತೊಂದರಲ್ಲಿ, ಯುದ್ಧ ಮುಗಿದು ಆಕಾಶದಲ್ಲಿ ಇನ್ನೂ ಕುವೈತಿನ ಎಣ್ಣೆಬಾವಿಗಳ ಹೊಗೆ ಇದ್ದಾಗ, ಕುಶಲ ಬಂದಿಳಿದಿದ್ದ. ಮಂಚ ಖಾಲಿ ಇಲ್ಲ ಎಂದಾಗ ದಾಸಪ್ಪ ತನ್ನದನ್ನು ಬಿಟ್ಟುಕೊಟ್ಟು ಇಪ್ಪತ್ತು ದಿನ ನೆಲದ ಮೇಲೆ ಮಲಗಿದ. ಆಗ ತಮ್ಮ ಅನ್ನುತ್ತಿದ್ದ, ತಮ್ಮಾ ಊಟ ಆಯ್ತಾ, ತಮ್ಮಾ ಊರಿಗೆ ಕಾಗ್ದ ಹಾಕ್ದಾ. ಕುಶಲ ದಾಸಪ್ಪಣ್ಣ ಅನ್ನುತ್ತಿದ್ದ. ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟು ಜಾಗ ಕಾದಿರಿಸಿ, ಇವನು ಹತ್ತಿದೊಡನೆ ಚೀಲ ತೆಗೆಯುತ್ತಿದ್ದ. ಆ ಇಪ್ಪತ್ತು ದಿನ ಕುಶಲ ನಿದ್ದೆ ಮಾಡಲಿಲ್ಲ. ಕೆಳಗೆ ಮಲಗಿದವನ ಉಸಿರು ಕೇಳುತ್ತ, ಇದನ್ನು ನಾನು ಯಾವಾಗ ತೀರಿಸುವುದು ಎಂದು ಕುದಿಯುತ್ತಿದ್ದ. ಕೆಲವರು ಕೊಟ್ಟದ್ದನ್ನು ಮರೆತುಬಿಡುತ್ತಾರೆ. ಅಂಥವರ ಮುಂದೆ ಪಡೆದವನು ಜೀವಮಾನವಿಡೀ ಕೈ ಚಾಚಿಕೊಂಡೇ ನಿಂತಿರಬೇಕಾಗುತ್ತದೆ. ಸಿಬ್ಬಂದಿ ವಿಭಾಗಕ್ಕೆ ಕುಶಲನಿಗೆ ಬಡ್ತಿಯಾದ ದಿನ ದಾಸಪ್ಪ ಮೊದಲ ಸಲ ಸಾರ್ ಅಂದ. ಬೇಡ ದಾಸಪ್ಪಣ್ಣ, ಹಾಗೆಲ್ಲ ಕರೆಯಬೇಡಿ ಎಂದು ಹೇಳುವುದಕ್ಕೆ ಒಂದು ಕ್ಷಣ ಇತ್ತು. ಕುಶಲ ಆ ಕ್ಷಣ ಕಳೆದುಹೋಗುವುದನ್ನು ನೋಡುತ್ತ ಸುಮ್ಮನೆ ಕೂತಿದ್ದ.

ನಾಲ್ಕನೆಯ ಸುತ್ತಿನಲ್ಲಿ ಮೂರನೆಯ ಹೋಂ ರನ್ ಹೋಯಿತು. ಈ ಸಲ ದಾಸಪ್ಪ ಬೇಗ ಬರಲಿಲ್ಲ. ಡ್ರಮ್ಮುಗಳಿಂದ ಬಹಳ ಆಚೆ, ಆಟದ ಕಡೆಗೆ ಬೆನ್ನು ಹಾಕಿ, ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದ. ಚೆಂಡು ಸಿಗಲಿಲ್ಲವೇನೋ ಎಂದು ಅಂಪೈರು ಕೂಗಿದ. ಫಿಲಿಪಿನೊಗಳು ನೀರು ಕುಡಿದರು. ಕುಶಲನಿಗೆ ಸಿಟ್ಟು ಬಂತು. ನಾಟಕ, ಎಂದುಕೊಂಡ, ಎಲ್ಲರಿಗೂ ಕಾಣಲಿ, ಆಮೇಲೆ ಸಾಹೇಬರು ಏನಾಯಿತೆಂದು ಕೇಳಲಿ, ಆಗ ಫಾರಂ ವಿಷಯ ಹೊರಬರಲಿ ಎಂಬ ಹೂಟ. ಬೆಳಿಗ್ಗೆಯಿಂದಲೂ ಈ ಮನುಷ್ಯನದು ವಿಚಿತ್ರ. ಆರು ಗಂಟೆಗೆ ಕುಶಲ ಹಲ್ಲುಜ್ಜಲು ಹೋದಾಗ ದಾಸಪ್ಪ ಕ್ಯಾಂಪಿನ ಹಿಂದಿನ ನಲ್ಲಿಯ ಹತ್ತಿರ, ಅಂಗಿ ಪ್ಯಾಂಟು ಕಳಚದೆ, ಉಟ್ಟ ಬಟ್ಟೆಯ ಮೇಲೇ ತಲೆಗೆ ಬಕೆಟ್ಟುಗಟ್ಟಲೆ ನೀರು ಸುರಿದುಕೊಳ್ಳುತ್ತಿದ್ದ. ಏಪ್ರಿಲಿನಲ್ಲೇ ಇಷ್ಟು ಸೆಕೆ, ಮೈ ತಣ್ಣಗಿರಲಿ ಎಂದು ಮಾಡಿಕೊಂಡ ಉಪಾಯ ಎಂದುಕೊಂಡು ಕುಶಲ ನಕ್ಕಿದ್ದ. ಬಸ್ಸಿನಲ್ಲಿ ಅವನ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ತನ್ನ ಚೀಲ ನೆನೆಯದಿರಲಿ ಎಂದು ಕುಶಲ ಎದ್ದು ಹಿಂದಿನ ಸೀಟಿಗೆ ಹೋಗಿದ್ದ. ಕಜೆಟನ್ ಬ್ರೆಡ್ಡು ಕೊಟ್ಟರೆ ದಾಸಪ್ಪ ಬೇಡವೆಂದು ತಲೆ ಅಲ್ಲಾಡಿಸಿದ್ದ.

ಕೊನೆಗೆ ಅವನು ಎದ್ದ. ಚೆಂಡು ಕೈಯಲ್ಲೇ ಇತ್ತು. ಎಸೆಯಲಿಲ್ಲ, ಅಷ್ಟು ದೂರವೂ ನಡೆದು ಬಂದು ಕುಶಲನ ಕೈಗೇ ಕೊಟ್ಟ. ಕಣ್ಣು ಕೆಂಪಗಿತ್ತು, ಮೊಣಕಾಲಿನವರೆಗೆ ಉಪ್ಪು ಮೆತ್ತಿತ್ತು. "ಲೇಟಾಯ್ತು ಸಾರ್," ಅಂದ. ಕುಶಲ ಚೆಂಡು ಒರೆಸಿಕೊಂಡು, "ಇನ್ನು ಸ್ವಲ್ಪ ಹಿಂದೆ ನಿಲ್ಲಿ," ಎಂದ.

ಆಮೇಲೆ ಇನ್ನೆರಡು ಹೋದವು. ಎರಡೂ ಖಾಲಿ ಬೇಸುಗಳಲ್ಲಿ, ಒಂದೊಂದೇ ರನ್. ಐದು ಸಲ ಹೊಡೆಸಿಕೊಂಡು ಕೊಟ್ಟದ್ದು ಒಟ್ಟು ಐದು. ತಮ್ಮ ತಂಡದ ಅಮೆರಿಕದವರು ಹೊಡೆದು ಎಂಟು ಮಾಡಿದರು. ಏಳನೆಯ ಸುತ್ತಿನ ಕೊನೆಯವನು ಔಟಾದಾಗ ಎಲ್ಲರೂ ಓಡಿಬಂದು ಕುಶಲನ ಬೆನ್ನು ಗುದ್ದಿದರು. ಅವನಿಗೆ ಒಂದು ನಿಮಿಷ ನಿಜವಾಗಿಯೂ ಸಂತೋಷವಾಯಿತು, ಅದನ್ನು ಸುಳ್ಳೆನ್ನುವಂತಿಲ್ಲ. ಆ ಸಂತೋಷದ ಭರದಲ್ಲೇ ಜೇಬಿನಿಂದ ಕಾಗದ ತೆಗೆದು, ಬೆವರಿಗೆ ಒದ್ದೆಯಾದ ಮಡಿಕೆ ಬಿಡಿಸಿ, ಪಿಕಪ್ಪಿನ ಬಾನೆಟ್ಟಿನ ಮೇಲಿಟ್ಟು ಜಾಮೀನಿನ ಜಾಗದಲ್ಲಿ ಸಹಿ ಹಾಕಿದ. ಎಷ್ಟು ಸುಲಭ ಎನಿಸಿತು. ಹರ್ಬರ್ಟ್ ಸಾಹೇಬರು ಪೆನ್ನು ತೆಗೆದುಕೊಂಡು, ಓದಿ, ನಿಂತರು.

"ಇದರಲ್ಲಿ ಬುಧವಾರದ ತಾರೀಖಿದೆ. ಈ ಮನುಷ್ಯನ ಹೆಂಡತಿ ಸಾಯುತ್ತಿದ್ದಾಳೆ, ನೀನು ಅವನನ್ನು ಇಲ್ಲಿ ಓಡಿಸುತ್ತಿದ್ದೀಯಾ?"

"ಒಂಬತ್ತು ಜನ ಬೇಕಿತ್ತು, ಸರ್."

"ಅವರ ಕಡೆಯಿಂದ ಒಬ್ಬನನ್ನು ಎರವಲು ಕೇಳುತ್ತಿದ್ದೆ. ಇದು ಆಟ, ಕುಶಲ." ಅವರು ಸಹಿ ಹಾಕಿ ಕಾಗದವನ್ನು ಕುಶಲನಿಗೆ ಕೊಡದೆ ನೇರವಾಗಿ ದಾಸಪ್ಪನ ಕೈಗೆ ಕೊಟ್ಟರು. ಸುತ್ತಲಿದ್ದವರು ಬೇರೆ ಕಡೆ ನೋಡಿದರು. ಕುಶಲನ ಕಿವಿ ಬಿಸಿಯಾದವು. ಇವರಿಗಾಗಿಯೇ ಮಾಡಿದ್ದು, ಇವರ ಮುಖ ಬಾಡದಿರಲಿ ಎಂದು. ಈಗ ಇವರೇ ಹತ್ತು ಜನರ ಮುಂದೆ ತನ್ನನ್ನು ಕಟುಕನನ್ನಾಗಿ ಮಾಡಿಬಿಟ್ಟರು. ದಾಸಪ್ಪ ಕಾಗದವನ್ನು ಕಣ್ಣಿಗೆ ಒತ್ತಿಕೊಂಡು, ಸಾಹೇಬರಿಗೊಂದು ಕುಶಲನಿಗೊಂದು ಕೈ ಮುಗಿದು, ಬಸ್ಸಿನ ಕಡೆ ನಡೆದ. ಎರಡು ಗಂಟೆಗೆ ಕುಶಲ ಪೆಟ್ಟಿಗೆ ತೆರೆದು ಪಾಸ್‌ಪೋರ್ಟ್ ಕೊಡಬೇಕು, ರಾತ್ರಿಯ ವಿಮಾನ.

ಕಜೆಟನ್ ಮುಖದ ಜಾಲರಿ ಕಳಚಿ ಹತ್ತಿರ ಬಂದ. ಅವನ ಕೆನ್ನೆಯಲ್ಲಿ ಪಟ್ಟಿಯ ಗುರುತು ಕೆಂಪಗೆ ಮೂಡಿತ್ತು. ಕೊಂಕಣಿಯಲ್ಲಿ ಏನೋ ಬೈದುಕೊಂಡು, ಆಮೇಲೆ ಮೆಲ್ಲಗೆ ಹೇಳಿದ:

"ಸೈನ್ ಆಯ್ತಲ್ಲ, ಇನ್ನು ಹೇಳಿದ್ರೆ ತೊಂದರೆ ಇಲ್ಲ. ಅವರ ಹೆಂಡತಿ ನಿನ್ನೆ ಸಂಜೆಯೇ ತೀರಿಹೋದ್ರು. ರಾತ್ರಿ ಫೋನ್ ಬಂದದ್ದು, ನಾನೇ ಅವರನ್ನು ಕರೆದದ್ದು. ಸತ್ತದ್ದು ಗೊತ್ತಾದ್ರೆ ಪಾಸ್‌ಪೋರ್ಟ್ ಸಿಗುದಿಲ್ಲ, ಯಾರಿಗೂ ಹೇಳ್ಬೇಡಿ ಅಂತ ನನ್ನ ಕಾಲಿಗೆ ಬಿದ್ರು ಮಾರಾಯ. ನೀನೇ ಓದಿ ಹೇಳಿದ್ದಂತೆ ಅಲ್ವಾ ಪುಸ್ತಕದಲ್ಲಿ? ಹೆಣದ ಮುಖ ನೋಡ್ಲಿಕ್ಕಂತೂ ಸಿಗ್ಲಿಲ್ಲ, ಹನ್ನೊಂದನೇ ದಿನಕ್ಕಾದ್ರೂ ಹೋಗ್ಲಿ. ಒಬ್ಬರನ್ನಾದ್ರೂ ಸುಮ್ಮನೆ ಬಿಡು."

ನಲ್ಲಿಯ ನೀರು. ಉಟ್ಟ ಬಟ್ಟೆಯಲ್ಲೇ ತಲೆಗೆ ಸುರಿದುಕೊಂಡ ನೀರು. ಕುಶಲನ ಅಪ್ಪ ಸತ್ತ ದಿನ ಅವನಿಗೂ ಬಾವಿಕಟ್ಟೆಯಲ್ಲಿ ಹೀಗೆಯೇ ಯಾರೋ ಸುರಿದಿದ್ದರು. ಅದು ಸಾವಿನ ಸ್ನಾನವೆಂದು ಅವನ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಅವನು ಅದನ್ನು ಕಣ್ಣಾರೆ ಕಂಡು, ಸೆಕೆ ಎಂದುಕೊಂಡು, ನಕ್ಕು, ಚೀಲ ಎತ್ತಿಕೊಂಡು ಹಿಂದಿನ ಸೀಟಿಗೆ ಹೋಗಿದ್ದ. ಐದು ಸಲ. ಐದು ಸಲ ಆ ಉಪ್ಪಿನಲ್ಲಿ. ಅವನ ಬಾಯಿಂದ ತಾನಾಗಿಯೇ ಹೊರಟಿತು:

"ದಾಸಪ್ಪಣ್ಣ."

ವರ್ಷಗಳ ಮೇಲೆ ಕರೆದ ಹೆಸರು. ಹೋಗಿ ಬನ್ನಿ ಎನ್ನಬೇಕಿತ್ತು, ಅಥವಾ ಏನೂ ಅನ್ನದೆ ಹತ್ತಿರ ಹೋಗಿ ಕೈ ಹಿಡಿಯಬೇಕಿತ್ತು. ದಾಸಪ್ಪ ನಿಂತ, ತಿರುಗಿದ. ಕುಶಲನ ಪಕ್ಕದಲ್ಲಿ ಕಜೆಟನ್ ನಿಂತಿರುವುದನ್ನು ನೋಡಿದ. ಅವನಿಗೆ ಎಲ್ಲ ಅರ್ಥವಾದ ಹಾಗೆ ಕಂಡಿತು. ವಾಪಸು ಬರತೊಡಗಿದ. ಬರುತ್ತ ಬರುತ್ತಲೇ ಜೇಬಿನಿಂದ ಕಾಗದ ತೆಗೆದು, ಮುಂದಕ್ಕೆ ಚಾಚಿ ಹಿಡಿದುಕೊಂಡಿದ್ದ.

"ಇವ್ರು ಹೇಳ್ಬಿಟ್ರಾ ಸಾರ್?" ಅಂದ.

ಹರ್ಬರ್ಟ್ ಸಾಹೇಬರು ಪಿಕಪ್ಪಿನ ಬಾಗಿಲು ಅರ್ಧ ತೆರೆದು, "ಮತ್ತೇನು ಸಮಸ್ಯೆ?" ಎಂದು ಕೇಳಿದರು. ಕೇಳಿದ್ದು ಕುಶಲನನ್ನು. ಐದು ನಿಮಿಷದ ಹಿಂದೆ ಅವನನ್ನು ಅವಮಾನಿಸಿದ ಅದೇ ದನಿ. ಏನಿಲ್ಲ ಎಂದರೆ ಸಾಕಿತ್ತು. ಕಜೆಟನ್‌ನ ಕೈ ಅವನ ತೋಳನ್ನು ಹಿಡಿದು ಒತ್ತಿತು. ಆದರೆ ಚಾಚಿದ ಕಾಗದ ಎದುರಿಗಿತ್ತು, ತನ್ನ ಸಹಿ ಅದರಲ್ಲಿತ್ತು, ಸಾಹೇಬರು ನೋಡುತ್ತಿದ್ದರು, ಮತ್ತು ಈ ಸಲ ತಪ್ಪು ತನ್ನದಾಗಿರಲಿಲ್ಲ.

"ಫಾರಂ ತಪ್ಪಾಗಿದೆ, ಸರ್," ಕುಶಲ ಹೇಳಿದ. "ಅವರ ಹೆಂಡತಿ ನಿನ್ನೆಯೇ ತೀರಿಕೊಂಡರಂತೆ. ಅದಕ್ಕೆ ಬೇರೆ ನಿಯಮ. ಮೂರು ದಿನ."

ಸಾಹೇಬರು ಟೋಪಿ ತೆಗೆದರು. ದಾಸಪ್ಪನಿಗೆ, ತುಂಬ ದುಃಖವಾಯಿತು ಎಂದರು. ನಂತರ ಕುಶಲನ ಕಡೆ ನೋಡಿ, ಆಗಿನ ಸಿಟ್ಟು ಇಳಿದ ದನಿಯಲ್ಲಿ, "ಸರಿ, ಪುಸ್ತಕ ನಿನಗೇ ಚೆನ್ನಾಗಿ ಗೊತ್ತು," ಎಂದು ಹೇಳಿ ಗಾಡಿ ಹತ್ತಿ ಹೋದರು. ಕಜೆಟನ್ ತೋಳು ಬಿಟ್ಟು, ನೆಲಕ್ಕೆ ಉಗಿದು, ದೂರ ನಡೆದ. ಕುಶಲ ಕಾಗದ ತೆಗೆದುಕೊಂಡ; ಎರಡು ಗಂಟೆಗೆ ಪೆಟ್ಟಿಗೆ ತೆರೆಯುವ ಕೆಲಸ ಇನ್ನಿರಲಿಲ್ಲ. ಹಳೆಯ ಮಡಿಕೆಗಳ ಮೇಲೆಯೇ ಅದು ಸಲೀಸಾಗಿ ಮಡಿಚಿಕೊಂಡಿತು.

ಬಸ್ಸಿನಲ್ಲಿ ಅವನು ಕೊನೆಯವನಾಗಿ ಹತ್ತಿದ. ಯಾರೂ ಸರಿದು ಜಾಗ ಕೊಡಲಿಲ್ಲ. ಗೆದ್ದ ತಂಡ ಕಿಟಕಿಯ ಹೊರಗೆ ನೋಡುತ್ತ ಕೂತಿತ್ತು. ಖಾಲಿ ಇದ್ದದ್ದು ಒಂದೇ ಸೀಟು, ಅದರ ಮೇಲೆ ಒಂದು ಚೀಲ. ದಾಸಪ್ಪ ಇವನನ್ನು ನೋಡಿ ಚೀಲ ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯ ಕಡೆ ಸರಿದ. ಕುಶಲ ಕೂತ. ದಾಸಪ್ಪನ ಅಂಗಿ ಒಣಗಿ ಬೆನ್ನಿನಲ್ಲಿ ಬಿಳಿ ಗೆರೆಗಳೆದ್ದಿದ್ದವು. ಸಿತ್ರಾದ ಸೇತುವೆಯ ಬಳಿ ಪೊಲೀಸರು ಬಸ್ಸು ನಿಲ್ಲಿಸಿ ಎಲ್ಲರ ಗುರುತಿನ ಕಾರ್ಡು ನೋಡಿದರು. ದಾಸಪ್ಪ ತನ್ನದರ ಜೊತೆ ಕುಶಲನದನ್ನೂ ಇಸಿದುಕೊಂಡು ಮುಂದೆ ಚಾಚಿದ, ಆರು ವರ್ಷದ ಹಿಂದೆ ಮಾಡುತ್ತಿದ್ದಂತೆಯೇ. ಏನಾದರೂ ಬೈಯಲಿ ಎಂದು ಕುಶಲ ಕಾಯುತ್ತಿದ್ದ. ಒಂದು ಮಾತು ಬೈದರೆ ಸಾಕು, ಎಲ್ಲವೂ ಒಂದೇ ಸಲಕ್ಕೆ ತೀರಿಹೋಗುತ್ತಿತ್ತು. ಬಸ್ಸು ಮತ್ತೆ ಹೊರಟ ಮೇಲೆ ದಾಸಪ್ಪ ಬಾಯಿ ತೆರೆದ.

"ಬರೋ ಶುಕ್ರವಾರ ಯಾರ್ ಮೇಲೆ ಸಾರ್ ಆಟ?"

"ಕೊರಿಯಾದವರ ಮೇಲೆ," ಎಂದ ಕುಶಲ.

"ಅವ್ರು ಬಲೇ ದೂರ ಹೊಡೀತಾರೆ," ಎಂದು ದಾಸಪ್ಪ ಬಗ್ಗಿ, ಬೂಟಿನ ಲೇಸು ಸಡಿಲ ಮಾಡಿಕೊಂಡು, ಒಳಗೆ ಸೇರಿದ್ದ ಉಪ್ಪನ್ನು ಬೆರಳಿನಿಂದ ಕೆರೆದು ತೆಗೆಯತೊಡಗಿದ.